ವರ್ಷಕ್ಕೆ ಇಷ್ಟೇ

ಹಾಸನದ ಬಿ.ಎಂ. ರಸ್ತೆಯಲ್ಲಿ
ಗಾಜಿಗೆ ಅರ್ಧಚಂದ್ರ ಕೊರೆದ ಬಿಲ್ಲಿಂಗ್ ಕೌಂಟರು.
ಅದರೊಳಗೆ ನಾನು, ಹನ್ನೊಂದು ವರ್ಷದಿಂದ.
ಮೊದಲ ದಿನವೇ ಹೇಳಿಕೊಟ್ಟಿದ್ದರು:
ಮೊತ್ತ ಹೇಳುವಾಗ ಮುಖ ನೋಡಬೇಡ, ಪರದೆ ನೋಡು.

ಹಾಗಾಗಿ ನನಗೆ ಮುಖಗಳಿಗಿಂತ
ನೋಟುಗಳ ಪರಿಚಯ ಹೆಚ್ಚು.
ಶುಂಠಿ ಮಾರಿದ ದುಡ್ಡಿಗೆ ಮಣ್ಣಿನ ಘಾಟು.
ಒಡವೆ ಅಡವಿಟ್ಟು ತಂದದ್ದು ಗರಿಗರಿ, ಪಟ್ಟಿ ಕೂಡ ಬಿಚ್ಚಿರುವುದಿಲ್ಲ.
ಸಂಘದ ಸಾಲವಾದರೆ ಐದು ಜನ ಹೆಂಗಸರು ಒಟ್ಟಿಗೆ ಬಂದು
ಒಬ್ಬೊಬ್ಬರೂ ಒಂದೊಂದು ಸಲ ಎಣಿಸಿ ಕೊಡುತ್ತಾರೆ.
ಒಮ್ಮೆ ಒಬ್ಬ ಮಗುವಿನ ಹುಂಡಿ ಒಡೆದು ತಂದಿದ್ದ,
ಚಿಲ್ಲರೆಯ ನಡುವೆ ಒಂದು ಅಂಗಿಗುಂಡಿ.
ಅದನ್ನು ಹಿಂದಕ್ಕೆ ಕೊಟ್ಟೆ.

ನಮ್ಮ ಐಸಿಯುನಲ್ಲಿದ್ದ ಲವೀನಾ ಈಗ ಸ್ವೀಡನ್ನಿನಲ್ಲಿ ನರ್ಸು.
ವಾಯ್ಸ್ ಮೆಸೇಜಿನಲ್ಲಿ ಸಕಲೇಶಪುರದ ಕನ್ನಡ ಹಾಗೇ ಇದೆ:
"ಹಿಮದ ಮೇಲೆ ಜಾರಿ ಮಣಿಕಟ್ಟು ಮುರ್ಕೊಂಡೆ ಕಣೇ.
ಸರ್ಕಾರಿ ಆಸ್ಪತ್ರೆ. ಆರು ಗಂಟೆ ಕಾದೆ, ಒಬ್ರೂ ತಿರುಗಿ ನೋಡ್ಲಿಲ್ಲ.
ಆಮೇಲೆ ಎಲ್ಲಾ ಮಾಡಿದ್ರು.
ದುಡ್ಡು ಕೊಡೋಕೆ ಹೋದ್ರೆ ಕೌಂಟರಿನೋಳು ಹೇಳ್ತಾಳೆ,
ಈ ವರ್ಷದ್ದು ನಿಂದು ಮುಗೀತು, ವರ್ಷಕ್ಕೆ ಇಷ್ಟೇ,
ಇನ್ನು ಕೊಡೋ ಹಾಗಿಲ್ಲ."

ಅದನ್ನು ಮೂರು ಸಲ ಕೇಳಿದೆ.
ಕೊಡೋ ಹಾಗಿಲ್ಲ.
ನನ್ನ ಹಾಗೆಯೇ ಗಾಜಿನ ಈಚೆ ಕೂತವಳು
ಇಷ್ಟು ಹೇಳಿ, ಸಂಜೆ ಬಸ್ಸು ಹಿಡಿದು ಮನೆಗೆ ಹೋಗುತ್ತಾಳೆ.

"ಹಲ್ಲಿಗೆ ಮಾತ್ರ ಈ ದೇಶ ಆಗಲ್ಲ" ಅಂತ ಇನ್ನೊಂದು ಮೆಸೇಜು.
"ಡಿಸೆಂಬರಿಗೆ ಬರ್ತೀನಿ, ಸಾಲಗಾಮೆ ರಸ್ತೆ ಡಾಕ್ಟ್ರ ಹತ್ರ
ರೂಟ್ ಕೆನಾಲಿಗೆ ಒಂದು ಟೈಮ್ ಹಿಡಿದಿಡು.
ಅಲ್ಲೀವರೆಗೆ ಎಡಗಡೇಲಿ ಅಗೀತೀನಿ."

ಕಾರ್ತೀಕದಲ್ಲಿ ನನ್ನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕವು,
ಅಳಗುಳಿ ಮಣೆಯ ಒಂದು ಗುಳಿ ತುಂಬುವಷ್ಟು.
ಅಂದಾಜು ವೆಚ್ಚದ ಹಾಳೆಯನ್ನು ನಾನೇ ಟೈಪು ಮಾಡಿಕೊಂಡೆ.
ಸಿಬ್ಬಂದಿಗೆ ನೂರಕ್ಕೆ ಹತ್ತು ಬಿಡುತ್ತಾರೆ.
ಬಿಟ್ಟು ಉಳಿದದ್ದನ್ನು
ಪರದೆ ನೋಡಿಕೊಂಡೇ ನನಗೆ ನಾನು ಹೇಳಿದೆ.
ಆರು ತಿಂಗಳ ಸಂಬಳ.

ಬೆಳಿಗ್ಗೆ ಆರಕ್ಕೆ ಸರ್ಕಾರಿ ಆಸ್ಪತ್ರೆಯ ಸಾಲು. ಚೀಟಿಗೆ ಹತ್ತು ರೂಪಾಯಿ.
ನನ್ನ ಮುಂದೆ ಒಂದು ಜೊತೆ ಚಪ್ಪಲಿ, ದುದ್ದದ ಹೆಂಗಸಿನದು.
ಅವಳು ಟೀ ಕುಡಿಯಲು ಹೋಗಿದ್ದಾಳೆ, ಚಪ್ಪಲಿ ಸಾಲಿನಲ್ಲಿ ನಿಂತಿದೆ.
ಸಾಲು ಸರಿದಾಗೆಲ್ಲ ಕಾಲಿನಿಂದ ಮುಂದೆ ತಳ್ಳಿದೆ.

ಹದಿನಾಲ್ಕನೇ ಕೊಠಡಿಯಲ್ಲಿ ಡಾಕ್ಟರ್ ಯತಿರಾಜು.
ಸಂಜೆ ಐದಕ್ಕೆ ನಮ್ಮಲ್ಲಿ ಕೂರುವವರು.
ಅವರ ಫೀಸು ಆರುನೂರು, ದಿನಾ ಇಸಿದುಕೊಳ್ಳುವವಳು ನಾನು.
ಇಲ್ಲೂ ಅದೇ ತಣ್ಣನೆ ಬೆರಳು, ಅದೇ "ಉಸಿರೆಳ್ಕೊಳ್ಳಿ".
ಗುರುತು ಹಿಡಿದು, ತಲೆ ಎತ್ತದೆ ತಾರೀಖು ಬರೆಯುತ್ತ,
"ಅಲ್ಲಿ ಯಾರಿಗೂ ಹೇಳೋಕೆ ಹೋಗ್ಬೇಡಿ" ಅಂದರು.
ಮುಚ್ಚಿಟ್ಟದ್ದು ಅವರನ್ನೋ ನನ್ನನ್ನೋ, ಗೊತ್ತಾಗಲಿಲ್ಲ.

ಹೊದಿಕೆ ಮನೆಯಿಂದ. ಆಯಾಗೆ ನೂರು,
ಗಾಲಿಕುರ್ಚಿ ತಳ್ಳಿದವನಿಗೆ ಐವತ್ತು, ಇವಕ್ಕೆ ರಸೀದಿಯಿಲ್ಲ.
ಹೊರಗಿನಿಂದ ತಂದ ಇಂಜೆಕ್ಷನ್ನಿಗಿದೆ.
ಎಲ್ಲ ಸೇರಿ ನಾಲ್ಕು ಸಾವಿರದ ಇನ್ನೂರ ಎಂಬತ್ತು.
ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟರು.
ಅಲ್ಲಾಡಿಸಿದರೆ ಗಿಲಕಿ.

ಹದಿನೇಳನೇ ದಿನ ಮತ್ತೆ ಕೌಂಟರು.
ಅರ್ಧಚಂದ್ರದಲ್ಲಿ ಒಂದು ಕೈ,
ಉಗುರಿನಲ್ಲಿ ಆಲೂಗಡ್ಡೆ ಹೊಲದ ಮಣ್ಣು.
"ಎಷ್ಟಾಯ್ತದವ್ವಾ?"
ಮುಖ ನೋಡಿಬಿಟ್ಟೆ.
ಮೊತ್ತ ಹೇಳಿದೆ. ಹೇಳಲೇಬೇಕಲ್ಲ.
ಆಮೇಲೆ ಹಾಳೆಯ ಹಿಂದೆ, ಪೆನ್ಸಿಲಿನಲ್ಲಿ, ಸಣ್ಣಗೆ:
ಗುರುವಾರ. ಬೆಳಿಗ್ಗೆ ಆರು. ಕೊಠಡಿ ಹದಿನಾಲ್ಕು.
ಚಪ್ಪಲಿ ಬಿಟ್ಟು ಜಾಗ ಹಿಡಿಯಬಹುದು.

ಅವನು ಹಾಳೆ ಹಿಂದುಮುಂದು ತಿರುಗಿಸಿ ನೋಡಿದ.
ಜೇಬಿಗೆ ಕೈ ಹಾಕಿ,
"ಇದುಕ್ಕೆಷ್ಟು?" ಅಂದ.